ಔಟಾದವರ ಸರದಿ

ಮಾರೇನಹಳ್ಳಿ, ಬೆಂಗಳೂರು
೯ ಜೂನ್ ೨೦೨೪

ಅಪ್ಪಾ,

ನಿಮ್ಮ ಕಿವಿ ಪೂರ್ತಿ ಕೈಕೊಟ್ಟ ಮೇಲೆ ಫೋನಿನಲ್ಲಿ ನಾನು ಕಿರುಚುವುದು, ನೀವು "ಹಾಂ? ಹಾಂ?" ಅನ್ನುವುದು, ಪಕ್ಕದ ಕೋಣೆಯ ಹುಡುಗಿಯರು ನಗುವುದು ಎಲ್ಲ ಸಾಕಾಗಿದೆ. ಮೆಸೇಜು ಕಳಿಸಿದರೆ ತಾರು ಬಂದಂತೆ ಎದೆ ಹೊಡೆದುಕೊಳ್ಳುತ್ತದೆ ಅನ್ನುತ್ತೀರಿ. ಹಾಗಾದರೆ ಕಾಗದವೇ ಸರಿ. ಹಗರಿಬೊಮ್ಮನಹಳ್ಳಿಯ ಪೋಸ್ಟ್‌ಮ್ಯಾನ್‌ಗೂ ಒಂದಿಷ್ಟು ಕೆಲಸ ಸಿಗಲಿ.

ಪಿ.ಜಿ. ಚೆನ್ನಾಗಿದೆ. ಮನೆಯೊಡತಿ ಮುನಿತಾಯಮ್ಮ ಊಟದ ಹೊತ್ತಿಗೆ ಒಬ್ಬೊಬ್ಬರ ಹೆಸರು ಕೂಗಿ ತಟ್ಟೆ ಕೊಡುತ್ತಾರೆ. ನಾನು ಇಲ್ಲಿ "ರೊಟ್ಟಿ ನೀಲಾ". ಮುದ್ದೆ ನುಂಗಲು ಕಲಿಯುವವರೆಗೂ ಆ ಹೆಸರು ಹೋಗುವುದಿಲ್ಲವಂತೆ.

ಸಂಶೋಧನೆಯ ಕೆಲಸ ಶುರುವಾಗಿದೆ. ಆಟವನ್ನೇ ನಂಬಿ ಸ್ವಂತ ಉದ್ಯಮ ಕಟ್ಟಿದವರ ಕಷ್ಟಗಳೇನು, ಜಗಳವಾಡಿ ದೂರವಾದ ಎರಡು ಭಾಷೆಯ ಜನ ಕಲಿಕೆಯಿಂದ ಮತ್ತೆ ಹತ್ತಿರವಾಗಬಹುದೇ ಎಂಬುದು ನನ್ನ ವಿಷಯ. "ಇದಕ್ಕೂ ಡಾಕ್ಟರ್ ಪದವಿ ಕೊಡ್ತಾರೇನವ್ವ?" ಎಂದು ನೀವು ಮೂಗು ಮುರಿದಿದ್ದು ಮರೆತಿಲ್ಲ. ಈಗ ಕೇಳಿ, ನಾನು ಹೋಗುತ್ತಿರುವುದು ಕಬಡ್ಡಿ ಅಂಗಳಕ್ಕೆ!

ಸುಂಕದಕಟ್ಟೆಯಲ್ಲಿ ಕಲಾ ಎಂಬವರು ಹೆಣ್ಣುಮಕ್ಕಳ ಕಬಡ್ಡಿ ಅಕಾಡೆಮಿ ನಡೆಸುತ್ತಾರೆ. ಬಾಡಿಗೆ ಜಾಗ, ಕೆಮ್ಮಣ್ಣಿನ ಅಂಗಳ, ಪಕ್ಕದಲ್ಲಿ ಶೀಟು ಹೊದಿಸಿದ ಒಂದು ಕೋಣೆ. ಅಂಗಳದ ಈಚೆ ಕನ್ನಡದವರ ಬೀದಿ, ಆಚೆ ತಮಿಳರ ಬೀದಿ. ಹಿಂದೊಮ್ಮೆ ಭಾಷೆಯ ಗಲಾಟೆಯಲ್ಲಿ ಈ ಎರಡು ಬೀದಿಗಳು ಕಲ್ಲು ತೂರಾಡಿಕೊಂಡಿದ್ದವಂತೆ. ಈಗ ಆಟ ಮುಗಿದ ಮೇಲೆ ಎರಡೂ ಬೀದಿಯ ಹುಡುಗಿಯರು ಅದೇ ಕೋಣೆಯಲ್ಲಿ ಜೋಡಿ ಜೋಡಿಯಾಗಿ ಕೂತು ಓದುತ್ತಾರೆ. ಒಬ್ಬಳು ಇನ್ನೊಬ್ಬಳಿಗೆ ತನ್ನ ಅಕ್ಷರ ಕಲಿಸುತ್ತಾಳೆ. ನನ್ನ ಸಂಶೋಧನೆಗೆ ಇದಕ್ಕಿಂತ ಒಳ್ಳೆಯ ಜಾಗ ಎಲ್ಲಿ ಸಿಗುತ್ತದೆ ಹೇಳಿ.

ಒಂದು ವಿಚಿತ್ರ ಮಾತ್ರ ಇದೆ. ತಂಡದಲ್ಲಿ ಎಷ್ಟು ಜನ ಎಂದು ಒಬ್ಬೊಬ್ಬಳನ್ನೂ ಬೇರೆ ಬೇರೆ ಕೂರಿಸಿ ಕೇಳಿದೆ. ಎಲ್ಲರೂ ಏಳು ಎಂದರು. ಅಂಗಳದಲ್ಲಿ ಇರುವುದು ಆರೇ ಜನ. ಎಡಕ್ಕೆ ಕನ್ನಡದ ಬೀದಿಯ ಮೂವರು, ಬಲಕ್ಕೆ ತಮಿಳು ಬೀದಿಯ ಮೂವರು, ನಡುವೆ ಒಬ್ಬರ ಜಾಗ ಖಾಲಿ. ಸರಪಳಿ ಕಟ್ಟುವಾಗ ಆ ಖಾಲಿ ಜಾಗದ ಎರಡೂ ಬದಿಯವರು ಕೈ ಚಾಚಿ, ಯಾರದೋ ಕೈ ಹಿಡಿದಂತೆ ಬೆರಳು ಮಡಚಿಕೊಳ್ಳುತ್ತಾರೆ.

ಇದು ಯಾವ ಪಟ್ಟು, ಮೇಷ್ಟ್ರೇ?

ನಿಮ್ಮ
ನೀಲಾ


ಹಗರಿಬೊಮ್ಮನಹಳ್ಳಿ
೨೩ ಜೂನ್ ೨೦೨೪

ನೀಲವ್ವಾ,

ನಿನ್ನ ಕಾಗದವನ್ನು ನಿಮ್ಮಣ್ಣ ಚನ್ನವೀರೇಶನ ಮಕ್ಕಳು ಸಿನಿಮಾ ಪೋಸ್ಟರಿನಂತೆ ನೋಡಿದರು. ಅಂಚೆಯಲ್ಲಿ ಬಂದದ್ದನ್ನು ಅವರು ಕಂಡಿದ್ದು ಇದೇ ಮೊದಲು.

ನನ್ನ ಜೀವಮಾನವೆಲ್ಲ ಶಾಲೆಯ ಮಕ್ಕಳಿಗೆ ಕಬಡ್ಡಿ ಕಲಿಸಿದ್ದೇನೆ. ನಡು ಖಾಲಿ ಬಿಡುವ ಪಟ್ಟು ನನಗೆ ಗೊತ್ತಿಲ್ಲ. ಅಲ್ಲಿಂದಲೇ ರೈಡರ್ ನುಗ್ಗಿ ಹೋಗುತ್ತಾಳೆ. ದಡ್ಡರೂ ಹಾಗೆ ನಿಲ್ಲುವುದಿಲ್ಲ. ಹಾಗೆ ನಿಂತಿದ್ದಾರೆ ಎಂದರೆ ಆ ಜಾಗ ಯಾರದೋ ಇದೆ.

ನೆನಪಿದೆಯೇ, ನೀನು ಚಿಕ್ಕವಳಿದ್ದಾಗ ಔಟಾದರೆ ಸತ್ತೇ ಹೋದವಳಂತೆ ಅಳುತ್ತಿದ್ದೆ. "ಔಟಾದವರು ಸತ್ತವರಲ್ಲವ್ವಾ, ಹೊರಗೆ ಕೂತಿರ್ತಾರ ಅಷ್ಟ. ನಮ್ಮವರು ಒಂದು ಪಾಯಿಂಟು ತಂದ್ರ ಅಂಪೈರು ಹೆಸರು ಕೂಗ್ತಾನ. ಎದ್ದು ಒಳಗ ಬರಬೇಕು" ಎಂದು ನಾನು ಹೇಳುತ್ತಿದ್ದೆ. ಮೊದಲು ಔಟಾದವರು ಮೊದಲು. ಸರದಿ ತಪ್ಪಿ ಯಾರೂ ಬರುವಂತಿಲ್ಲ. ಕೂಗದೆ ಯಾರೂ ಬರುವಂತಿಲ್ಲ. ಇನ್ನೊಂದು, ಔಟಾಗಿ ಕೂತವಳ ಜಾಗಕ್ಕೆ ಬದಲಿ ಆಟಗಾರ್ತಿಯನ್ನು ನಾನು ಎಂದೂ ಇಳಿಸಿದವನಲ್ಲ. ಕೂತವಳು ಎಲ್ಲಿಗೆ ವಾಪಸ್ ಬರಬೇಕು ಹೇಳು?

ಕೇಳಿಕೊಂಡು ಬರೆ. ನೀನು ಮಾತ್ರ ಅಂಗಳಕ್ಕೆ ಇಳಿಯಬೇಡ. ಎಡಗೈಯ ಕಿರುಬೆರಳು ಮುರಿದುಕೊಂಡಾಗ ನಾನೇ ಸ್ಕೇಲು ಕಟ್ಟಿ ಅದನ್ನು ಡೊಂಕಾಗಿ ಕೂಡಿಸಿದ್ದೇ ಸಾಕು. ನಿನ್ನ ಅವ್ವ ಇದ್ದಷ್ಟು ದಿನವೂ ಅದಕ್ಕೆ ನನ್ನನ್ನು ಬೈದಳು.

ನಿನ್ನ ಅಪ್ಪ
ಕೊಟ್ರಪ್ಪ


ಮಾರೇನಹಳ್ಳಿ
೨೧ ಜುಲೈ ೨೦೨೪

ಅಪ್ಪಾ,

ಆ ಜಾಗ ಮಲರ್ವಿಳಿಯದು. ತಮಿಳು ಬೀದಿಯ ಹುಡುಗಿ. ಗಲಾಟೆಯ ವರ್ಷ ಇದೇ ಅಂಗಳದಲ್ಲಿ ಎರಡು ಬೀದಿಗಳ ನಡುವೆ ಪಂದ್ಯ ನಡೆಯುತ್ತಿತ್ತು. ಅವಳು ಔಟಾಗಿ ಹೊರಗಿನ ಕಲ್ಲುಬೆಂಚಿನ ಮೇಲೆ ಕೂತಿದ್ದಳು. ಆಗ ಕಲ್ಲು ಬಿತ್ತು, ಅವಳು ಉಳಿಯಲಿಲ್ಲ. "ಕಲ್ಲು ಬಿತ್ತು" ಎಂದಷ್ಟೇ ಎಲ್ಲರೂ ಹೇಳುತ್ತಾರೆ. ಯಾರು ಎಸೆದರು ಎಂದು ಯಾರೂ ಹೇಳುವುದಿಲ್ಲ.

ಆ ದಿನ ಎದುರು ತಂಡದಲ್ಲಿ ಆಡಿದ್ದವರು ಇದೇ ಕಲಾ. ಅಂಪೈರು ಅವರ ತಂದೆ ಮುನಿರಾಮಯ್ಯನವರು. ಈಗಲೂ ಸಂಜೆ ಬಂದು ಕೂರುತ್ತಾರೆ. ಕೊರಳಲ್ಲಿ ಸೀಟಿ ಇರುತ್ತದೆ, ಊದುವುದಿಲ್ಲ. ಬೆಂಚಿನ ಇನ್ನೊಂದು ತುದಿಯಲ್ಲಿ ಮಲರ್ವಿಳಿಯ ತಾಯಿ ಅಣ್ಣಮ್ಮ ಹೂ ಕಟ್ಟುತ್ತ ಕೂತಿರುತ್ತಾರೆ. ಒಂದೇ ಬೆಂಚು, ಇಷ್ಟು ವರ್ಷ, ಒಂದು ಮಾತಿಲ್ಲ.

ನಾನು ಅಣ್ಣಮ್ಮನ ಪಕ್ಕ ಕೂರಲು ಹೋದೆ. "ಅಲ್ಲಿ ಬೇಡ ಕಣಮ್ಮಾ, ಆಳಿದೆ" ಎಂದರು. ಸರಿದು ಕೂತೆ.

ಹುಡುಗಿಯರನ್ನು ಕೇಳಿದರೆ ಸಂಕೋಚವೇ ಇಲ್ಲ. "ಕೈ ಸಿಗುತ್ತಕ್ಕಾ. ತಣ್ಣಗಿರುತ್ತೆ" ಎಂದಳು ರೈಡರ್ ಶಿಲ್ಪಾ. ಅವಳು ಕನ್ನಡದ ಬೀದಿಯವಳು. ಆಚೆ ಬದಿಯವಳೂ ಅದನ್ನೇ ಹೇಳಿದಳು. ಇಬ್ಬರೂ ಒಬ್ಬಳದೇ ಕೈಗಳಿಗೆ ಅಂಟಿಕೊಂಡಿರುವುದರಿಂದ ಬಿಟ್ಟು ಹೋಗಲಾರರು, ಜಗಳವಾಡಲಾರರು. ನಾನು ಓದಿದ ಪುಸ್ತಕಗಳಲ್ಲಿ ಇದಕ್ಕೊಂದು ಹೆಸರಿದೆ, ಬಿಡಿ. ನಂಬಿಕೆಯೇ ಇಲ್ಲಿ ಪಾಠ ಹೇಳುತ್ತಿದೆ ಎಂದು ಬರೆದುಕೊಂಡೆ.

ಆದರೆ ಅಕಾಡೆಮಿ ಉಳಿಯುವುದು ಕಷ್ಟ. ಜಾಗದ ಮಾಲೀಕನಿಗೆ ಹಸಿರು ಹಾಸು ಹಾಕಿ ಕ್ರಿಕೆಟ್‌ಗೆ ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಕೊಡುವ ಆಸೆ. ಒಂದು ಕಂಪನಿ ಪ್ರಾಯೋಜಕರಾಗಲು ಒಪ್ಪಿದೆ, ಆದರೆ ತಂಡ ಲೀಗಿನಲ್ಲಿ ಆಡಬೇಕು, ಲೀಗಿಗೆ ಏಳು ಜನ ಬೇಕೇ ಬೇಕು. ನಡುವಿನ ಜಾಗದಲ್ಲಿ ನಿಲ್ಲಲು ಎರಡು ಬೀದಿಯಲ್ಲಿ ಒಬ್ಬಳೂ ಒಪ್ಪುತ್ತಿಲ್ಲ.

ನಾನು ಯಾವ ಬೀದಿಯವಳೂ ಅಲ್ಲ. ಕಬಡ್ಡಿ ಬರುತ್ತದೆ. ನೀವೇ ಕಲಿಸಿದ್ದು.

ನೀಲಾ


ಹಗರಿಬೊಮ್ಮನಹಳ್ಳಿ
೨೮ ಜುಲೈ ೨೦೨೪

ನೀಲವ್ವಾ,

ನಿಲ್ಲಬೇಡ. ನಾನು ದೆವ್ವ ಭೂತ ನಂಬುವವನಲ್ಲ, ನಿನಗೆ ಗೊತ್ತು. ಆಟದ ನಿಯಮ ನಂಬುತ್ತೇನೆ. ಕೂತವಳನ್ನು ಇನ್ನೂ ಕೂಗಿಲ್ಲ. ಅವಳ ಜಾಗಕ್ಕೆ ನೀನು ಇಳಿದರೆ ನಿನ್ನನ್ನು ಎಲ್ಲಿ ಎಣಿಸುತ್ತಾರೆ?

ಈ ಕಾಗದ ಕಂಡ ಕೂಡಲೇ ಉತ್ತರ ಬರೆ.

ಅಪ್ಪ


ಮಾರೇನಹಳ್ಳಿ
೨೫ ಆಗಸ್ಟ್ ೨೦೨೪

ಅಪ್ಪಾ,

ನಿಮ್ಮ ಕಾಗದ ಕೈಗೆ ಬರುವ ಹೊತ್ತಿಗೆ ನಾನು ನಿಂತಾಗಿತ್ತು. ಬೈಯಬೇಡಿ. ಲೀಗಿನ ಪಂದ್ಯ ನಾವು ಗೆದ್ದೆವು! ಕಂಪನಿಯವರು ಒಪ್ಪಂದಕ್ಕೆ ಸಹಿ ಹಾಕಿದರು. ಕಲಾ ನನ್ನನ್ನು ಅಪ್ಪಿಕೊಂಡು ಅತ್ತರು. ಅಣ್ಣಮ್ಮ ಮಾತ್ರ ಅಂದಿನಿಂದ ಹೂ ಕಟ್ಟುವುದನ್ನು ನಿಲ್ಲಿಸಿ ಬರಿದೇ ಕೂರುತ್ತಾರೆ.

ನಿಮಗೆ ನಗು ಬರುವ ಸುದ್ದಿ ಹೇಳುತ್ತೇನೆ. ಗೆದ್ದ ಫಲಕ ಹಿಡಿದು ಫೋಟೋ ತೆಗೆಸಿಕೊಂಡೆವು. ನಡುವೆ ನಿಂತವಳು ನಾನೇ. ಫೋಟೋದಲ್ಲಿ ಹುಡುಗಿಯರು ನಡುವೆ ಜಾಗ ಬಿಟ್ಟು ನಿಂತಿದ್ದಾರೆ, ನಾನಿಲ್ಲ. ಮೊಬೈಲು ಕೆಟ್ಟಿದೆ ಎಂದಳು ಶಿಲ್ಪಾ. ಮರುದಿನ ಮುನಿತಾಯಮ್ಮ ಎಲ್ಲರ ಹೆಸರು ಕೂಗಿ ತಟ್ಟೆ ಕೊಟ್ಟು, ನನ್ನ ಹೆಸರು ಕೂಗದೆ ಪಾತ್ರೆ ಮುಚ್ಚಿದರು. "ಆಂಟಿ, ನಂದು?" ಎಂದೆ. ಬೆಚ್ಚಿ, "ಅಯ್ಯೋ, ಇಲ್ಲೇ ಇದೀಯೇನೇ?" ಎಂದರು. ಬಿ.ಎಂ.ಟಿ.ಸಿ. ಬಸ್ಸಿನಲ್ಲಿ ಕಂಡಕ್ಟರು ಆಧಾರ್ ಕೂಡ ಕೇಳುವುದಿಲ್ಲ. ಒಂದು ರೀತಿ ಆರಾಮವಾಗಿದೆ.

ಆದರೆ ಓದುವ ಕೋಣೆಯಲ್ಲಿ ಏನೋ ಸರಿಯಿಲ್ಲ. ಜೋಡಿಗಳು ಬಿಟ್ಟುಹೋಗುತ್ತಿವೆ. ನಿನ್ನೆ ಕನ್ನಡದ ಬೀದಿಯವರು ಕಿಟಕಿಯ ಕಡೆಗೆ, ತಮಿಳು ಬೀದಿಯವರು ಬಾಗಿಲ ಕಡೆಗೆ ಕೂತಿದ್ದರು. ಶಿಲ್ಪಾಳನ್ನು ಕೇಳಿದೆ. "ನಿಮ್ ಕೈ ಬೆಚ್ಚಗಿದೆಯಕ್ಕಾ, ಅದು ಬೇರೆ" ಎಂದಳು.

ನೀಲಾ


ಹಗರಿಬೊಮ್ಮನಹಳ್ಳಿ
೧೫ ಸೆಪ್ಟೆಂಬರ್ ೨೦೨೪

ನೀಲವ್ವಾ,

ನನಗೆ ನಗು ಬರಲಿಲ್ಲ.

ಚನ್ನವೀರೇಶ ನಿನಗೆ ಫೋನು ಮಾಡಿದ್ದ. ಎತ್ತಿದ ಸದ್ದು ಬರುತ್ತದೆ, ಆಮೇಲೆ ಯಾರೂ ಮಾತಾಡುವುದಿಲ್ಲ ಅನ್ನುತ್ತಾನೆ. ನಿನ್ನೆ ಅವನು ಊಟಕ್ಕೆ ಕೂತಾಗ ನಿನ್ನ ಮಾತೆತ್ತಿದೆ. "ಯಾವ ನೀಲಾ?" ಎಂದು ಒಂದು ಗಳಿಗೆ ನನ್ನ ಮುಖ ನೋಡಿದ. ತುಟಿ ಆಡಿದ್ದು ನನಗೆ ಸ್ಪಷ್ಟವಾಗಿ ಕಂಡಿತು. ಆಮೇಲೆ ನಕ್ಕು ಏನೋ ತೇಪೆ ಹಾಕಿದ. ನಾನು ತಟ್ಟೆ ಬಿಟ್ಟು ಎದ್ದೆ.

ಪದವಿಯೂ ಬೇಡ, ಲೀಗೂ ಬೇಡ. ಊರಿಗೆ ಬಂದುಬಿಡು.

ಅಪ್ಪ


ಸುಂಕದಕಟ್ಟೆ
೧೩ ಅಕ್ಟೋಬರ್ ೨೦೨೪

ಅಪ್ಪಾ,

ಬರಲು ನೋಡಿದೆ. ಊರಿನ ಬಸ್ಸಿನಲ್ಲಿ ಸೀಟು ಕಾದಿರಿಸಿ ಕೂತೂ ಇದ್ದೆ. ಕಂಡಕ್ಟರು ಬಂದು ನನ್ನ ಸೀಟು ತೋರಿಸಿ, "ಇಲ್ಲಿ ಖಾಲಿ ಐತಿ, ಕೂಡ್ರಿ" ಎಂದು ಒಬ್ಬ ಹೆಂಗಸಿಗೆ ಹೇಳಿದ. ಆಕೆ ಕೂತರು. ನಾನು ಎದ್ದಿರಲಿಲ್ಲ, ಅಪ್ಪಾ. ಆಕೆ ಸುಮ್ಮನೆ ಕೂತರು. ಆಮೇಲೆ ಚಳಿಯಾದವರಂತೆ ಸೆರಗು ಹೊದ್ದುಕೊಂಡರು. ನಾನು ಇಳಿದು ಬಂದೆ.

ಪಿ.ಜಿ.ಯಲ್ಲಿ ನನ್ನ ಮಂಚಕ್ಕೆ ಬೇರೆ ಹುಡುಗಿ ಬಂದಿದ್ದಾಳೆ. ನಿಮಗೆ ಬರೆದದ್ದು ಮಾತ್ರ ತಲುಪುತ್ತಿದೆ. ಯಾಕೆಂದು ಗೊತ್ತಿಲ್ಲ, ಕೇಳಲು ಭಯವಾಗುತ್ತದೆ. ಹಾಳೆ, ಅಂಚೆಚೀಟಿ ಎಲ್ಲ ಓದುವ ಕೋಣೆಯಲ್ಲಿವೆ. ನೀವೂ ಅಕಾಡೆಮಿಯ ವಿಳಾಸಕ್ಕೇ ಬರೆಯಿರಿ.

ಈಗ ಅಂಗಳದಲ್ಲಿ ನಾನು ನಡುವೆ ನಿಂತಿದ್ದರೂ ಕಲಾ ಆರು ಎಂದು ಎಣಿಸುತ್ತಾರೆ. ಹೊತ್ತು ಕಳೆಯಲು ಕಲ್ಲುಬೆಂಚಿನ ಮೇಲೆ ಕೂರುತ್ತೇನೆ. ಅಲ್ಲಿ ನನ್ನ ಪಕ್ಕದಲ್ಲಿ ಒಬ್ಬಳು ಕೂತಿರುತ್ತಾಳೆ. ಮೊಣಕಾಲಿಗೆ ಕೆಮ್ಮಣ್ಣು ಮೆತ್ತಿದೆ. ಅಂಚಿನಲ್ಲಿ ಕೂತಿದ್ದಾಳೆ, ಎದ್ದೇಳಲು ತಯಾರಾದವಳ ಹಾಗೆ. ನನ್ನ ಕಡೆ ತಿರುಗುವುದೇ ಇಲ್ಲ. ಅವಳ ಕಣ್ಣು ಯಾವಾಗಲೂ ಮುನಿರಾಮಯ್ಯನವರ ಬಾಯಿಯ ಮೇಲಿರುತ್ತದೆ.

ಮೊನ್ನೆ ಕೇಳಿದೆ, "ಏನು ನೋಡ್ತೀಯಾ?" "ಪಾಯಿಂಟ್ ಬಂತು. ಇನ್ನೂ ಕೂಗಿಲ್ಲ" ಎಂದಳು.

ಅಪ್ಪಾ, ನನಗೆ ಹೆದರಿಕೆ ಆಗ್ತಿದೆ. ನಾನೂ ಅವರ ಬಾಯಿಯನ್ನೇ ನೋಡಲು ಶುರುಮಾಡಿದ್ದೇನೆ.

ನಿಮ್ಮ
ನೀಲಾ


ಸುಂಕದಕಟ್ಟೆ
೧೭ ನವೆಂಬರ್ ೨೦೨೪

ನೀಲವ್ವಾ,

ಬಂದಿದ್ದೇನೆ. ಇದನ್ನು ಬರೆದು ಬೆಂಚಿನ ಮೇಲೆ ಇಡುತ್ತೇನೆ. ನೀನು ಓದುತ್ತೀಯ ಎಂದು ನನಗೆ ಗೊತ್ತು.

ಮೊದಲ ದಿನ ನಿನ್ನನ್ನು ಕಾಣಲಿಲ್ಲ. ಕಲಾಳನ್ನು ಕೇಳಿದರೆ ಹಣೆ ಉಜ್ಜಿಕೊಂಡು, ಎಲ್ಲೋ ಕೇಳಿದ ಹೆಸರಿನ ಹಾಗಿದೆ ಎಂದಳು. ಬೇರೆ ಯಾರಾದರೂ ಆಗಿದ್ದರೆ ಅಲ್ಲೇ ಕೂಗಾಡುತ್ತಿದ್ದರು. ಆದರೆ ಹುಡುಗಿಯರು ಸರಪಳಿ ಕಟ್ಟಿದ್ದನ್ನು ಕಂಡೆ. ಅಂಗಳಕ್ಕೆ ಹೋಗಿ ನಡುವಿನ ಖಾಲಿ ಜಾಗದಲ್ಲಿ ಕೈ ಚಾಚಿದೆ. ಕೈ ಸಿಕ್ಕಿತು. ಎಡಗೈ. ಕಿರುಬೆರಳು ಡೊಂಕು. ನಾನೇ ಕೂಡಿಸಿದ ಬೆರಳು ನನಗೆ ಗೊತ್ತಾಗದೆ ಇರುತ್ತದೆಯೇ? ಅಷ್ಟು ಮಕ್ಕಳ ಎದುರು ಮುದುಕ ಅತ್ತುಬಿಟ್ಟೆ. ಅದಕ್ಕೆ ಕಲಾ ನನ್ನನ್ನು ಇಲ್ಲೇ ಉಳಿಸಿಕೊಂಡಳು.

ಓದುವ ಕೋಣೆಯಲ್ಲಿ ಮುನಿರಾಮಯ್ಯನವರ ಬಳಿ ಕೂತೆ. ನನಗೆ ಕೇಳುವುದಿಲ್ಲವಾದ್ದರಿಂದ ಅವರು ಹೇಳಿದ್ದನ್ನು ಕಲಾ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದು ತೋರಿಸುತ್ತ ಬಂದಳು. "ಪಾಯಿಂಟ್ ಬಂದಿತ್ತು ಸಾರ್. ಮಲರ್ವಿಳಿಯನ್ನ ಒಳಗೆ ಕೂಗ್ಬೇಕಿತ್ತು. ನಮ್ಮ ಬೀದಿಯೋರು ಗೆರೆ ಹತ್ರ ನಿಂತಿದ್ರು. ಅವಳನ್ನ ಕರೆದ್ರೆ ನೋಡು ಅಂದ್ರು. ಸೀಟಿ ಬಾಯಲ್ಲೇ ಇತ್ತು. ಅವಳು ಅರ್ಧ ಎದ್ದು ನನ್ನೇ ನೋಡ್ತಾ ಇದ್ಲು." ಮುಂದಿನ ಸಾಲಿಗೆ ಕಲಾಳ ಕೈ ನಿಂತಿತು. ಆಮೇಲೆ ಬರೆದಳು. "ಕೂಗಿದ್ರೆ ಕಲ್ಲು ಖಾಲಿ ಬೆಂಚಿಗೆ ಬೀಳ್ತಿತ್ತು." ಸೀಮೆಸುಣ್ಣ ಕೆಳಗಿಟ್ಟು ಅವಳು ಹೊರಗೆ ಹೋದಳು. ತಂದೆಯ ಬಾಯಲ್ಲಿ ಇದನ್ನು ಅವಳು ಕೇಳಿದ್ದು ಅದೇ ಮೊದಲಂತೆ.

ಅವಳು ಮರಳಿ ಬಂದು ಸೀಮೆಸುಣ್ಣ ಎತ್ತಿಕೊಂಡ ಮೇಲೆ, ಕೂಗಿ, ಈಗಲಾದರೂ ಕೂಗಿ ಎಂದೆ. ತಲೆ ಅಲ್ಲಾಡಿಸಿದರು. ಬೀದಿಯವರಿಗೆ ಏನು ಹೇಳಲಿ, ಅಣ್ಣಮ್ಮನ ಮುಖ ಹೇಗೆ ನೋಡಲಿ ಎಂದರಂತೆ. ನಿಮ್ಮ ಮಗಳ ಹೆಸರು ಬೇಕಾದರೆ ಈ ಕ್ಷಣ ಕೂಗುತ್ತೇನೆ, ಆ ಹೆಸರು ಮಾತ್ರ ಕೇಳಬೇಡಿ ಎಂದರು.

ನಾನು ಒಪ್ಪಿಬಿಟ್ಟೆ, ನೀಲವ್ವಾ. ಸರದಿ ತಪ್ಪಬಾರದೆಂದು ಊರಿಗೆಲ್ಲ ಕಲಿಸಿದವನು ನನ್ನ ಮಗಳ ವಿಷಯ ಬಂದಾಗ ಒಪ್ಪಿಬಿಟ್ಟೆ. ಅವರು ಅಂಗಳಕ್ಕೆ ಬಂದು ನಿನ್ನ ಹೆಸರು ಕೂಗಿದರು. ಏನೂ ಆಗಲಿಲ್ಲ. ಅಣ್ಣಮ್ಮ ಬೆಂಚಿನ ತುದಿಯಿಂದ ನನ್ನನ್ನು ಒಮ್ಮೆ ನೋಡಿದರು. ಆ ನೋಟ ನನ್ನನ್ನು ಇನ್ನೂ ಸುಡುತ್ತಿದೆ.

ಅವಳು ಮೊದಲು. ಆಮೇಲೆಯೇ ನೀನು. ಬೇರೆಯವರ ಮಗಳು ಒಳಗೆ ಬರದೆ ನನ್ನ ಮಗಳು ಒಳಗೆ ಬರುವುದಿಲ್ಲ. ನನಗೆ ಈಗ ಅರ್ಥವಾಗಿದೆ. ಅವರಿಗೂ ಅರ್ಥವಾಗುವವರೆಗೆ ನಾನು ಇಲ್ಲೇ ಕೂತಿರುತ್ತೇನೆ. ನೀನೂ ಕೂತಿರು.

ಅಪ್ಪ


ಸುಂಕದಕಟ್ಟೆ, ಬೆಂಚಿನ ಮೇಲೆ

ಅಪ್ಪಾ,

ಅಳಬೇಡಿ. ನೀವು ಒಪ್ಪಿದ್ದಕ್ಕೆ ನನಗೆ ಸಿಟ್ಟಿಲ್ಲ. ನನ್ನ ಹೆಸರು ಕೇಳಿದಾಗ ನಾನೂ ಎದ್ದೆ, ಕಾಲು ಕೀಳಲಾಗಲಿಲ್ಲ.

ಆಗ ಅವಳು ಮೊದಲ ಸಲ ನನ್ನ ಕಡೆ ತಿರುಗಿದಳು. ನಿನ್ನನ್ನಾದರೂ ಕೂಗಿದರಲ್ಲ ಎಂದಳು.

ಇನ್ನೊಮ್ಮೆ ನನ್ನನ್ನು ಮೊದಲು ಕೂಗಿಸಬೇಡಿ.

ನೀಲಾ


ಸುಂಕದಕಟ್ಟೆ
೮ ಡಿಸೆಂಬರ್ ೨೦೨೪, ಭಾನುವಾರ

ನೀಲವ್ವಾ,

ಪಂದ್ಯ ನಡೆಯುತ್ತಿರುವಾಗಲೇ ತೊಡೆಯ ಮೇಲೆ ಹಾಳೆ ಇಟ್ಟುಕೊಂಡು ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟವಾದರೆ ಬಿಸಿಲಿಗೆ ಕಣ್ಣು ಕುಕ್ಕುತ್ತಿದೆ ಎಂದುಕೊ.

ಇಷ್ಟು ದಿನ ಬರೆಯಲಿಲ್ಲ. ನಾನು ಮತ್ತು ಕಲಾ ಮನೆ ಮನೆಗೆ ಹೋಗುತ್ತಿದ್ದೆವು. ಕನ್ನಡದ ಬೀದಿಯಲ್ಲಿ ಕೆಲವರು ಬಾಗಿಲು ಹಾಕಿಕೊಂಡರು. ಕೆಲವರು ಕಾಫಿ ಕೊಟ್ಟು ಮಾತು ಮರೆಸಿದರು. ಓದುವ ಕೋಣೆಯಲ್ಲಿ ಮಾತ್ರ ಹುಡುಗಿಯರು ಆ ಹಲಗೆಯನ್ನು ಅಳಿಸಲು ಬಿಡಲಿಲ್ಲ. ಅಲ್ಲಿದ್ದುದನ್ನು ಶಿಲ್ಪಾ ತಮಿಳು ಅಕ್ಷರದಲ್ಲಿ ಕೆಳಗೆ ಬರೆದಳಂತೆ. ಅವಳು ಅಲ್ಲೇ ಕಲಿತ ಅಕ್ಷರ. ಅಣ್ಣಮ್ಮ ಒಳಗೆ ಬಂದು ಬಹಳ ಹೊತ್ತು ನಿಂತು ಓದಿದರು. ಹೊರಗೆ ಹೋಗಿ ಮುನಿರಾಮಯ್ಯನವರ ಎದುರು ನಿಂತು ಒಂದೇ ಮಾತು ಹೇಳಿದರು. ಅದು ನನಗೂ ತುಟಿಯ ಮೇಲೆ ಗೊತ್ತಾಯಿತು. "ಕೂಗಪ್ಪಾ."

ಇವತ್ತು ಮಹಾಲಕ್ಷ್ಮಿ ಲೇಔಟಿನಿಂದ ಒಂದು ತಂಡವನ್ನು ಕರೆಸಿದ್ದಾರೆ. ಅವರಿಗೆ ಇದೇನೂ ಗೊತ್ತಿಲ್ಲ. ಎರಡೂ ಬೀದಿಯವರು ಗೆರೆಯ ಸುತ್ತ ನಿಂತಿದ್ದಾರೆ. ನಮ್ಮವರು ಆರು ಜನ, ನಡು ಖಾಲಿ.

ಶಿಲ್ಪಾ ರೈಡಿಗೆ ಹೋಗಿ ಒಬ್ಬಳನ್ನು ಮುಟ್ಟಿ ಬಂದಳು. ಪಾಯಿಂಟು. ಎಲ್ಲರೂ ಮುನಿರಾಮಯ್ಯನವರ ಕಡೆ ತಿರುಗಿದರು. ಅವರು ಸೀಟಿ ಬಾಯಿಗಿಟ್ಟರು. ಸೀಟಿ ತೆಗೆದರು. ಬಾಯಿ ತೆರೆಯಿತು. ಕಿವುಡನಿಗೆ ಏನು ಕೇಳಬೇಕು? ಆದರೆ ಅವರ ಕೊರಳ ನರ ಉಬ್ಬಿದ್ದು, ಹೆಸರು ಪೂರ್ತಿ, ಗಟ್ಟಿಯಾಗಿ, ಎರಡೂ ಬೀದಿಗೆ ಕೇಳುವ ಹಾಗೆ ಹೊರಬಂದದ್ದು ಕಂಡಿತು. ಮಲರ್ವಿಳಿ.

ನನ್ನ ಪಕ್ಕದಲ್ಲಿ ಬೆಂಚು ಹಗುರಾಯಿತು, ಯಾರೋ ಎದ್ದ ಹಾಗೆ. ಅಣ್ಣಮ್ಮ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡರು. ಅಂಗಳದ ಕೆಮ್ಮಣ್ಣಿನಲ್ಲಿ ಬೆಂಚಿನಿಂದ ನಡುವಿನವರೆಗೆ ಬರಿಗಾಲಿನ ಹೆಜ್ಜೆಗಳು ಮೂಡಿದವು. ಹುಡುಗಿಯರ ಸರಪಳಿ ಬಿಗಿಯಾಯಿತು.

ಎದುರು ತಂಡದ ಹುಡುಗಿ ರೈಡಿಗೆ ಬಂದಳು. ಖಾಲಿ ಕಂಡ ಕಡೆಗೇ ನುಗ್ಗಿದಳು. ನುಗ್ಗಿದವಳು ಮುಗ್ಗರಿಸಿ ಬಿದ್ದಳು. ಯಾರೂ ಅವಳ ಹತ್ತಿರ ಇರಲಿಲ್ಲ. ಮೂರು ಸಲ ಏಳಲು ನೋಡಿದಳು, ಆಗಲಿಲ್ಲ. ಕಡೆಗೆ ಸಿಟ್ಟಿನಿಂದ ಸುತ್ತ ನೋಡಿ ಕೇಳಿದಳಂತೆ, ಕಲಾ ಓಡಿ ಬಂದು ನನ್ನ ಹಾಳೆಯ ಅಂಚಿನಲ್ಲೇ ಬರೆದು ತೋರಿಸಿದಳು: "ಯಾರ್ರೀ ನನ್ ಕಾಲ್ ಹಿಡ್ಕೊಂಡಿದ್ದು?"

ಪಾಯಿಂಟು, ನೀಲವ್ವಾ. ಅವಳು ತಂದ ಪಾಯಿಂಟು. ಈಗ ನಿನ್ನ ಸರದಿ.

ಮುನಿರಾಮಯ್ಯನವರು ನನ್ನ ಕಡೆ ನೋಡಿ ಬಾಯಿ ತೆರೆಯುತ್ತಿದ್ದಾರೆ. ನನಗೆ ನೋಡಲು ಧೈರ್ಯವಿಲ್ಲ. ಹಿಂದೊಮ್ಮೆ ನೋಡಿ ಸಾಕಾಗಿದೆ. ತಲೆ ತಗ್ಗಿಸಿ ಬರೆಯುತ್ತೇನೆ. ಏನು ಬರೆಯಲಿ, ಊರಲ್ಲಿ ಎಲ್ಲರೂ ಚೆನ್ನಾಗಿದ್ದಾರೆ. ಚನ್ನವೀರೇಶನ ಮಕ್ಕಳು

ಹೆಗಲ ಮೇಲೆ ಕೈ ಬಿತ್ತು.

ಕಲಾ ಎದುರಿಗಿದ್ದಾಳೆ. ಅಣ್ಣಮ್ಮ ಅಂಗಳದ ನಡುವೆ ನಿಂತಿದ್ದಾರೆ. ನನ್ನ ಹಿಂದೆ ಯಾರೂ ಇರಲಿಲ್ಲ. ಇನ್ನೂ ತಿರುಗಿ ನೋಡಿಲ್ಲ. ಮೊದಲು ಬೆರಳು ಮುಟ್ಟಿ ನೋಡಿದೆ.

ಕಿರುಬೆರಳು ಡೊಂಕಾಗಿದೆ. ಕೈ ತುಂಬ ತಣ್ಣಗಿದೆ. ಪರವಾಗಿಲ್ಲವ್ವಾ, ಬಿಸಿಲಿದೆ. ಇಲ್ಲೇ ಸ್ವಲ್ಪ ಹೊತ್ತು ಕೂಡೋಣ.

ನಿನ್ನ
ಅಪ್ಪ